ಇಪ್ಪತ್ತಾರು ದಿನದ ಲೆಕ್ಕ

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ನಿವೃತ್ತಿಯ ನಂತರವೂ ಒಂದು ಚಟ ಉಳಿದುಬಿಡುತ್ತದೆ. ಕೈಗೆ ಬಂದ ಪ್ರತಿಯೊಂದು ಕಾಗದದ ಮೇಲೆ ತಾರೀಕು ಹಾಕುವುದು. ಹಾಲಿನ ಬಿಲ್ಲು, ಲೈಟ್ ಬಿಲ್ಲು, ಮದುವೆಯ ಕರೆಯೋಲೆ, ಯಾವುದೇ ಇರಲಿ, ಮೇಲಿನ ಬಲಮೂಲೆಯಲ್ಲಿ "ಬಂದದ್ದು ಇಂಥ ದಿನ" ಎಂದು ಬರೆದು ಒಂದು ಗೀಟು ಎಳೆಯದಿದ್ದರೆ ನನಗೆ ಊಟ ಸೇರುವುದಿಲ್ಲ. "ನಾಳೆ ಯಮ ಬಂದರೂ ಮೊದಲು ಇನ್‌ವರ್ಡ್ ನಂಬರು ಹಾಕೇ ಒಳಗ ಬಿಡತೀರಿ ನೀವು" ಎಂದು ಹೆಂಡತಿ ನಗುತ್ತಾಳೆ. ಕೈಕೆಳಗಿನ ಹುಡುಗರಿಗೆ ನಾನು ಹೇಳಿಕೊಟ್ಟದ್ದೂ ಇದನ್ನೇ: ತಾರೀಕು ಇಲ್ಲದ ಸಹಿ, ಉಪ್ಪಿಲ್ಲದ ಸಾರು.

ಇಂಥ ನಾನು ಒಂದೇ ಒಂದು ಸಲ ತಾರೀಕು ಹಾಕಿಸಿಕೊಳ್ಳುವುದನ್ನು ತಪ್ಪಿಸಿದೆ. ತಪ್ಪಿಸಿದೆ ಎನ್ನುವುದಕ್ಕಿಂತ ತಪ್ಪಿಸಿಕೊಂಡೆ ಅನ್ನಬೇಕು. ಅದರ ಬೆಲೆ ಎರಡು ಲಕ್ಷ ನಲವತ್ತು ಸಾವಿರ ರೂಪಾಯಿ. ಅದನ್ನೇ ಹೇಳಲು ಕೂತಿದ್ದೇನೆ.

ನಾನು ಧಾರವಾಡದವನು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮುಗಿಸಿ, ಬ್ಯಾಂಕು ಸೇರಿ, 1984ರಲ್ಲಿ ಪುಣೆಗೆ ವರ್ಗವಾಗಿ ಬಂದೆ. ನಡುವೆ ಬೇರೆ ಊರುಗಳಿಗೆ ಹೋದರೂ ಮನೆ ಇಲ್ಲೇ ಉಳಿಯಿತು, ಕೋಥ್ರೂಡಿನಲ್ಲಿ. ಊರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಇಲ್ಲಿ. ಹೀಗಾಗಿ ಪುಣೆಯ ಕನ್ನಡಿಗರಿಗೆ ತಾವು ಊರು ಬಿಟ್ಟಿದ್ದೇವೆ ಎಂದೇ ಅನ್ನಿಸುವುದಿಲ್ಲ; ಅನ್ನಿಸುವಷ್ಟರಲ್ಲಿ ಮೂವತ್ತು ವರ್ಷ ಆಗಿರುತ್ತದೆ.

ನಮ್ಮ ಭಾಗದಲ್ಲಿ ಕನ್ನಡಿಗರ ಒಂದು ಸಣ್ಣ ಸಂಘವಿದೆ. ಹೆಸರು ಬೇಡ. ರಾಜ್ಯೋತ್ಸವ, ಯುಗಾದಿ, ದಾಸರ ಆರಾಧನೆ, ಬಸವ ಜಯಂತಿ ಎಲ್ಲವನ್ನೂ ಒಂದು ಮರಾಠಿ ಶಾಲೆಯ ಸಭಾಗೃಹ ಬೇಡಿ ಪಡೆದು ಮಾಡುತ್ತಿದ್ದೆವು. ನಮ್ಮದೇ ಒಂದು ಕಟ್ಟಡ ಬೇಕೆನ್ನುವುದು ಹಿರಿಯರ ಆಸೆ. ಕೆಳಗೆ ವಾಹನ ನಿಲ್ಲಿಸುವ ಜಾಗ, ಮೊದಲ ಮಹಡಿಯಲ್ಲಿ ಸಭಾಗೃಹ, ಎರಡನೆಯದರಲ್ಲಿ ಊರಿನಿಂದ ಔಷಧೋಪಚಾರಕ್ಕೆ, ಪರೀಕ್ಷೆಗೆ ಬರುವವರಿಗೆ ನಾಲ್ಕಾರು ಕೋಣೆ. ದುಡ್ಡು ಕೂಡಿಸಲು ಹದಿನಾಲ್ಕು ವರ್ಷ ಬೇಕಾಯಿತು. ನಾನು ನಿವೃತ್ತನಾದದ್ದು 2017ರಲ್ಲಿ. ನಿವೃತ್ತನಾದ ಮರುತಿಂಗಳೇ ಖಜಾಂಚಿಗಿರಿಯನ್ನೂ ಕಟ್ಟಡ ಸಮಿತಿಯ ಸಂಚಾಲಕತನವನ್ನೂ ನನ್ನ ಕೊರಳಿಗೆ ಹಾಕಿದರು. ಬ್ಯಾಂಕಿನವನು, ಮೇಲಾಗಿ ಖಾಲಿ ಇದ್ದಾನೆ!

ಗುತ್ತಿಗೆ ಹಿಡಿದವನು ನಮ್ಮವನೇ. ಅವನ ಅಪ್ಪ ಇಂಡಿ ತಾಲೂಕಿನಿಂದ 1972ರ ಬರಗಾಲದಲ್ಲಿ ಹೊಟ್ಟೆಪಾಡಿಗೆ ಪುಣೆಗೆ ಬಂದು ಕಲ್ಲು ಹೊತ್ತವನು. ಮಗ ಇಲ್ಲೇ ಹುಟ್ಟಿ, ಸೆಂಟ್ರಿಂಗ್ ಕೆಲಸ ಕಲಿತು, ಮೇಸ್ತ್ರಿಯಾಗಿ, ಆಮೇಲೆ ಕಾಂಟ್ರಾಕ್ಟರ್ ಆದ. ಹಳೇ ಪೇಠೆಯ ಒಂದು ಓಣಿಯಲ್ಲಿ ಒಂದೇ ಖೋಲಿಯ ಅವನ ಆಫೀಸು. ಮರಾಠಿ ಸರಾಗ, ಕನ್ನಡ ಮಾತ್ರ ಇಂಡಿಯದೇ. ನನ್ನನ್ನು "ಸಾಹೇಬ್ರ" ಅನ್ನುತ್ತಿದ್ದ, ನಾನು "ತಮ್ಮಾ" ಅನ್ನುತ್ತಿದ್ದೆ.

ಕರಾರು ಹೀಗಿತ್ತು. ಮೊತ್ತ 1 ಕೋಟಿ 60 ಲಕ್ಷ. 2018ರ ಫೆಬ್ರವರಿ 1ರಿಂದ ಒಂದು ವರ್ಷದೊಳಗೆ ಕೆಲಸ ಮುಗಿಯಬೇಕು. ತಡವಾದರೆ ಪ್ರತಿ ಪೂರ್ಣ ವಾರಕ್ಕೆ ಶೇಕಡಾ ಅರ್ಧ, ಅಂದರೆ 80,000 ರೂಪಾಯಿ ದಂಡ. ಒಟ್ಟು ದಂಡ ಶೇಕಡಾ 5, ಅಂದರೆ 8 ಲಕ್ಷ ಮೀರುವಂತಿಲ್ಲ. ಅವನ ಬಿಲ್ಲುಗಳಿಂದ ನಾವು ಮುರಿದುಕೊಂಡು ಇಟ್ಟುಕೊಳ್ಳುವ ಠೇವಣಿಯೂ ಶೇಕಡಾ 5. ಅದೂ 8 ಲಕ್ಷವೇ. ಅರ್ಧವನ್ನು ಕಟ್ಟಡ ಮುಗಿದ ಮೇಲೆ, ಉಳಿದರ್ಧವನ್ನು ಮುಂದೆ ಒಂದು ವರ್ಷ ಸೋರಿಕೆ ಬಿರುಕು ನೋಡಿ ಕೊಡಬೇಕು. ಈ ಎರಡು ಎಂಟು ಲಕ್ಷಗಳು ಸರಿಸಮ ಇದ್ದದ್ದು ಮುಂದೆ ಜಗಳಕ್ಕೆ ಬಹಳ ಅನುಕೂಲವಾಯಿತು.

ಕೆಲಸ ಮುಗಿದದ್ದು 2019ರ ಮೇ 31ಕ್ಕೆ. ನೂರಾ ಇಪ್ಪತ್ತು ದಿನ ತಡ. ಹದಿನೇಳು ವಾರ. ದಂಡ 13 ಲಕ್ಷ 60 ಸಾವಿರ ಆಗಬೇಕಿತ್ತು. ಮಿತಿಯಿಂದಾಗಿ 8 ಲಕ್ಷ. "ಅವನ ಠೇವಣಿ ನಮ್ಮ ಕೈಯಲ್ಲೇ ಇದೆಯಲ್ಲ, ಜಮಾ ಮಾಡಿಬಿಡೋಣ, ಮುಗೀತು" ಎಂದರು ಅಧ್ಯಕ್ಷರು. ಅದೇ ವಾರ ಕಾಂಟ್ರಾಕ್ಟರನ ಕಾಗದವೂ ಬಂತು. ತಡವಾದದ್ದೆಲ್ಲ ಸಂಘದ ತಪ್ಪಿನಿಂದ. ತನ್ನ ಮಿಕ್ಸರು, ಸೆಂಟ್ರಿಂಗ್ ಪ್ಲೇಟು, ವಾಚಮನ್ನು, ಸೂಪರ್‌ವೈಜರು ಸುಮ್ಮನೆ ಕೂತದ್ದಕ್ಕೆ ದಿನಕ್ಕೆ 8,000ದಂತೆ 120 ದಿನಕ್ಕೆ 9 ಲಕ್ಷ 60 ಸಾವಿರ ಕೊಡಬೇಕು ಎಂದು. ಯಾವನೋ ವಕೀಲ ಬರೆದುಕೊಟ್ಟ ಇಂಗ್ಲಿಷು. ಕೆಳಗೆ ತಮ್ಮನ ಸೊಟ್ಟ ಸಹಿ.

ಬ್ಯಾಂಕಿನಲ್ಲಿ ನಾನು ಸಾಲ ವಿಭಾಗದಲ್ಲಿ ಬಹಳ ವರ್ಷ ಇದ್ದೆ. ಕಾರಖಾನೆ ಕಟ್ಟುವವರು, ಹೋಟೆಲು ಕಟ್ಟುವವರು, ಎಲ್ಲರ ಫೈಲಿನಲ್ಲೂ ಒಂದು ವಾಕ್ಯ ಖಾಯಂ: ನಮ್ಮ ಹತೋಟಿ ಮೀರಿದ ಕಾರಣಗಳಿಂದ ವಿಳಂಬವಾಗಿದೆ, ಅವಧಿ ವಿಸ್ತರಿಸಬೇಕು. ಓದಿ, ಟಿಪ್ಪಣಿ ಬರೆದು, ಮೇಲಕ್ಕೆ ಕಳಿಸುತ್ತಿದ್ದೆ. ಆ ಹತೋಟಿ ಅನ್ನುವುದು ಯಾರದು, ಎಲ್ಲಿಂದ ಎಲ್ಲಿಯವರೆಗೆ ಎಂದು ಒಂದು ದಿನವೂ ಕೆದಕಿ ನೋಡಿದವನಲ್ಲ. ಈಗ ಆ ಕೆಲಸ ಬಂತು. "ನೀವು ಎಂ.ಕಾಂ. ಅಲ್ಲವೇ, ಲೆಕ್ಕ ತೆಗೀರಿ" ಎಂದರು.

ದಾರಿ ತೋರಿಸಿದವರು ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಯ ಮರಾಠಿ ಹಿರಿಯರು. ಕೇಂದ್ರ ಸರ್ಕಾರದ ಲೋಕೋಪಯೋಗಿ ಇಲಾಖೆ, ಸಿ.ಪಿ.ಡಬ್ಲ್ಯು.ಡಿ. ಅನ್ನುತ್ತಾರಲ್ಲ, ಅಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಸಂಜೆ ಕಟ್ಟೆಯ ಮೇಲೆ ಕೂತು ನನ್ನ ಗೋಳು ಕೇಳಿದವರೇ ಒಂದು ಪ್ರಶ್ನೆ ಹಾಕಿದರು: "ಹಿಂಡ್ರನ್ಸ್ ರಿಜಿಸ್ಟರ್ ಇಟ್ಟಿದ್ದೀರಾ?"

ನಾನು ಆ ಹೆಸರೇ ಕೇಳಿರಲಿಲ್ಲ. ಅಡಚಣೆಗಳ ಪುಸ್ತಕ ಅನ್ನಬಹುದು. ಸರ್ಕಾರಿ ಕಾಮಗಾರಿಯಲ್ಲಿ ಕೆಲಸದ ಜಾಗದಲ್ಲೇ ಅದನ್ನು ಇಡುತ್ತಾರಂತೆ. ಅಡಚಣೆ ಏನು, ಶುರುವಾದದ್ದು ಯಾವತ್ತು, ನಿವಾರಣೆಯಾದದ್ದು ಯಾವತ್ತು, ಒಟ್ಟು ದಿನ ಎಷ್ಟು, ಅದರಲ್ಲಿ ಇನ್ನೊಂದು ಅಡಚಣೆಯ ಮೇಲೆ ಬಿದ್ದ ದಿನ ಎಷ್ಟು, ಅದನ್ನು ಕಳೆದು ಉಳಿದದ್ದೆಷ್ಟು. ಕೊನೆಗೆ ಎರಡೂ ಕಡೆಯವರ ಸಹಿ. ಒಂದರ ಮೇಲೊಂದು ಬಿದ್ದ ದಿನಗಳನ್ನು ಎರಡು ಸಲ ಎಣಿಸಬಾರದು ಎನ್ನುವುದಕ್ಕೇ ಪ್ರತ್ಯೇಕ ಕಾಲಮ್ಮು. ಕೇಳಿ ನನ್ನ ಬ್ಯಾಂಕಿನ ಜೀವಕ್ಕೆ ಬಹಳ ಹಿಡಿಸಿತು. ಇಷ್ಟು ಚೆಂದದ ಲೆಡ್ಜರು ಇದೆ ಎಂದು ಗೊತ್ತಿದ್ದರೆ ಮೊದಲೇ ಇಡುತ್ತಿದ್ದೆನಲ್ಲ!

ಅವರು ಹೇಳಿದ ಎರಡನೆಯ ಮಾತು: ಎಲ್ಲ ತಡವೂ ತಡವಲ್ಲ. ಕಟ್ಟಡ ಮುಗಿಯುವ ದಿನವನ್ನು ಮುಂದಕ್ಕೆ ತಳ್ಳಿದ್ದು ಮಾತ್ರ ಲೆಕ್ಕಕ್ಕೆ. ಕಂಪೌಂಡ್ ಗೋಡೆ ಒಂದು ತಿಂಗಳು ತಡವಾಗಿ ಎದ್ದರೂ ಅಷ್ಟರಲ್ಲಿ ಮೇಲೆ ಸ್ಲ್ಯಾಬ್ ಬೀಳುತ್ತಲೇ ಇದ್ದರೆ ಅದನ್ನು ಬಿಟ್ಟುಬಿಡಿ.

ಮೂರನೆಯದು, ಮುಖ್ಯವಾದದ್ದು. ಇಬ್ಬರ ತಪ್ಪೂ ಒಂದೇ ಕಾಲಕ್ಕೆ ಕೂಡಿಬಂದರೆ ಏನು? ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ. ಮದುವೆಗೆ ಬೀಗರ ಬಸ್ಸು ಎರಡು ತಾಸು ತಡವಾಗಿ ಬಂತು. ಪುರೋಹಿತರೂ ಎರಡು ತಾಸು ತಡವಾಗಿ ಬಂದರು. ಮುಹೂರ್ತ ತಪ್ಪಿತು. ಬೀಗರು "ಭಟ್ಟರೇ ಇರಲಿಲ್ಲ, ಬಂದು ಏನು ಮಾಡೋದಿತ್ತು" ಅನ್ನುತ್ತಾರೆ. ಭಟ್ಟರು "ವರನೇ ಇರಲಿಲ್ಲ, ಮಂತ್ರ ಯಾರಿಗೆ ಹೇಳಲಿ" ಅನ್ನುತ್ತಾರೆ. ಇಬ್ಬರದೂ ನಿಜ. ಇಬ್ಬರೂ ಇನ್ನೊಬ್ಬರಿಂದ ದಂಡ ಕೇಳುವ ಹಾಗಿಲ್ಲ. ಕಟ್ಟಡದ ವ್ಯವಹಾರದಲ್ಲಿ ಹೆಚ್ಚಾಗಿ ನಡೆದುಬಂದ ರೂಢಿಯೂ ಇದೇ: ಅಂಥ ದಿನಗಳಿಗೆ ಕಾಂಟ್ರಾಕ್ಟರನಿಗೆ ಸಮಯ ಸಿಗುತ್ತದೆ, ದುಡ್ಡು ಸಿಗುವುದಿಲ್ಲ; ಮಾಲೀಕ ದಂಡ ಹಾಕುವಂತಿಲ್ಲ. ಅವರವರ ನಷ್ಟ ಅವರವರಿಗೆ.

ಆಮೇಲೆ ಮಗನಿಂದ ಕಂಪ್ಯೂಟರಿನಲ್ಲಿ ಹುಡುಕಿಸಿ ಒಂದಷ್ಟು ಓದಿದೆ. ಈ ರೂಢಿಯ ಬಾಯಲ್ಲಿ ಮತ್ತೆ ಮತ್ತೆ ಬರುವ ಹೆಸರು 1999ರ ಒಂದು ಇಂಗ್ಲಿಷ್ ತೀರ್ಪು, ಮ್ಯಾಂಚೆಸ್ಟರಿನ ಮಾಲ್ಮೇಸನ್ ಹೋಟೆಲಿನದು. ನ್ಯಾಯಾಧೀಶರು ಅದರಲ್ಲಿ ಕೊಟ್ಟ ಉದಾಹರಣೆ ಓದಿ ಬೆಚ್ಚಿದೆ: ಒಂದು ವಾರ ಅಸಾಧ್ಯ ಕೆಟ್ಟ ಹವಾಮಾನ, ಅದೇ ವಾರ ಕಾಂಟ್ರಾಕ್ಟರನ ಬಳಿ ಕೂಲಿಯಾಳೂ ಇಲ್ಲ, ಆದರೂ ಅವನಿಗೆ ಒಂದು ವಾರ ಕೊಡತಕ್ಕದ್ದು. ಕೂಲಿಯಾಳು ಇಲ್ಲ! ಅದು ನಮ್ಮದೇ ಕಥೆ. ಸ್ಕಾಟ್ಲೆಂಡಿನವರು 2010ರಲ್ಲಿ ಇನ್ನೊಂದು ಹೋಟೆಲಿನ ಕೇಸಿನಲ್ಲಿ ಬೇರೆ ದಾರಿ ಹಿಡಿದರು, ಇಬ್ಬರ ತಪ್ಪನ್ನೂ ತೂಗಿ ದಿನಗಳನ್ನು ಪಾಲು ಮಾಡಬಹುದು ಎಂದು. 2018ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ, ಕೂಡಿಬಂದ ವಿಳಂಬಕ್ಕೆ ಸಮಯವನ್ನೇ ಕೊಡುವುದಿಲ್ಲ ಎಂದು ಕರಾರಿನಲ್ಲೇ ಬರೆದುಕೊಂಡಿದ್ದರೆ ಅದೂ ನಡೆಯುತ್ತದೆ ಎಂದಿತು. ಅಂದರೆ ಕರಾರು ಏನು ಹೇಳುತ್ತದೆ ಎಂಬುದೇ ಮೊದಲ ಪ್ರಶ್ನೆ. ನಮ್ಮ ಕರಾರು ಏನೂ ಹೇಳಿರಲಿಲ್ಲ. ಆರ್ಕಿಟೆಕ್ಟರು ಮೊದಲು ನಿರ್ಣಯಿಸಬೇಕು, ಒಪ್ಪದಿದ್ದರೆ ಪಂಚಾಯ್ತಿಗೆ ಹೋಗಬೇಕು ಎಂದಷ್ಟೇ ಇತ್ತು. ನಾವು ಬಿ.ಕಾಂ.ನಲ್ಲಿ ಬಾಯಿಪಾಠ ಮಾಡಿದ್ದ 1872ರ ಕರಾರು ಕಾಯಿದೆಯನ್ನು ಮತ್ತೆ ತೆಗೆದೆ. 55ನೆಯ ಕಲಮು: ತಡವಾದ ಕೆಲಸವನ್ನು ಒಪ್ಪಿಕೊಳ್ಳುವಾಗಲೇ ಪರಿಹಾರ ಕೇಳುತ್ತೇನೆ ಎಂದು ತಿಳಿಸದಿದ್ದರೆ ಆಮೇಲೆ ಕೇಳುವಂತಿಲ್ಲ. ಆ ನೋಟೀಸು ನಾವು ಕೊಟ್ಟಿದ್ದೆವು, ಪುಣ್ಯ. 74ನೆಯ ಕಲಮು: ಕರಾರಿನಲ್ಲಿ ಬರೆದ ದಂಡ ಗರಿಷ್ಠ ಮಿತಿ ಮಾತ್ರ, ಸಿಗುವುದು ನ್ಯಾಯವಾದ ಪರಿಹಾರ. ದಿಲ್ಲಿಯ ಒಂದು ನಿವೇಶನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಇದನ್ನೇ ಒತ್ತಿ ಹೇಳಿತ್ತು: ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ. ಎರಡು ಮದುವೆಗಳ ಬುಕಿಂಗ್ ರದ್ದಾಗಿ ನಾವು ಮುಂಗಡ ವಾಪಸು ಕೊಟ್ಟಿದ್ದೆವು, ಬಾಡಿಗೆ ಖೋಲಿಯನ್ನು ಮುಂದುವರಿಸಿದ್ದೆವು. ನಷ್ಟವಂತೂ ಇತ್ತು.

ಸರಿ, ಇಲ್ಲದ ಪುಸ್ತಕವನ್ನು ಹಿಂದಿನಿಂದ ಬರೆಯಲು ಕೂತೆ. ಫೋನಿನ ಸಂದೇಶಗಳು, ಸಿಮೆಂಟಿನ ಚಲನ್ನುಗಳು, ಸಭೆಯ ನಡವಳಿಗಳು, ವಾಚಮನ್ನನ ಹಾಜರಿ. ನಾಲ್ಕು ರಾತ್ರಿ ಹಿಡಿಯಿತು.

ಮೊದಲ 24 ದಿನ ಪೂರಾ ನಮ್ಮದೇ. ನಿವೇಶನದ ಮೂಲೆಯಲ್ಲಿ ಒಂದು ಮರವಿತ್ತು. ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರಗಳ ಕಾಯಿದೆಯ ಪ್ರಕಾರ ಅನುಮತಿ ಇಲ್ಲದೆ ಮರ ಮುಟ್ಟುವಂತಿಲ್ಲ. ಅನುಮತಿ ತರುವುದು ನಮ್ಮ ಜವಾಬ್ದಾರಿ. ತರುವವರೆಗೆ ಪಾಯ ತೋಡಲಾಗಲಿಲ್ಲ. ಕೊನೆಯ 11 ದಿನ ಪೂರಾ ಅವನದು. ಫರಸಿ ಕೂಡಿಸುವವನು ಇನ್ನೊಂದು ಕಡೆ ಕೆಲಸ ಹಿಡಿದು ಮಾಯವಾಗಿದ್ದ.

ನಡುವಿನ 85 ದಿನವೇ ಗಂಟು. ಎರಡನೆಯ ಮಹಡಿಯ ಸ್ಲ್ಯಾಬಿನ ನಕ್ಷೆಯನ್ನು ನಾವು 2018ರ ಆಗಸ್ಟ್ 20ಕ್ಕೆ ಕೊಡಬೇಕಿತ್ತು. ಕೊಡಲಿಲ್ಲ. ಕೋಣೆ ನಾಲ್ಕು ಬೇಕೋ ಆರು ಬೇಕೋ ಎಂದು ಸಮಿತಿಯಲ್ಲಿ ಕುಸ್ತಿ. ಇತ್ತ ಅವನ ಕೂಲಿಯವರು, ಯಾದಗಿರಿ ಕಲಬುರಗಿ ಕಡೆಯವರು, ಸೆಪ್ಟೆಂಬರ್ 8ಕ್ಕೆ ಹೆಸರಿನ ರಾಶಿ, ಅಲಾಯಿ ಹಬ್ಬ ಎಂದು ಊರಿಗೆ ಹೋದರು. ಆ ಭಾಗದಲ್ಲಿ ಮೊಹರಂ ಅಂದರೆ ಜಾತಿಭೇದವಿಲ್ಲದೆ ಎಲ್ಲರೂ ಊರು ಸೇರುವ ಹಬ್ಬ. ಅಲಾಯಿ ಮುಗಿಸಿ ಬರುತ್ತೇವೆಂದವರು ದಸರೆಗೂ ನಿಂತು, ದೀಪಾವಳಿಯ ಪಾಡ್ಯವನ್ನೂ ಕಳೆದು ನವೆಂಬರ್ 13ರ ಬೆಳಿಗ್ಗೆ ಬಂದಿಳಿದರು. ಅರವತ್ತಾರು ದಿನ.

ಆ ದಿನಗಳಲ್ಲಿ ತಮ್ಮನಿಗೆ ನಾನು ಫೋನು ಮಾಡಿ ಗದರಿಸಿದ್ದೂ ಉಂಟು. ಅವನ ಉತ್ತರ ಒಂದೇ. "ಸಾಹೇಬ್ರ, ನಕ್ಷಾನ ಕೈಯಾಗಿಲ್ಲ. ಮಂದೀನ್ ಕರಕೊಂಡ್ ಬಂದು ಕುಂದರಿಸಿ ಪಗಾರ ಕೊಡ್ಲೇನು?"

ಈಗ ಪ್ರಶ್ನೆ: ನಕ್ಷೆ ಅವನ ಕೈಗೆ ಹೋದದ್ದು ಯಾವತ್ತು? ನಡವಳಿ ಪುಸ್ತಕದಲ್ಲಿ ಸ್ಪಷ್ಟವಾಗಿ ಇತ್ತು. ಸೆಪ್ಟೆಂಬರ್ 22, ಶನಿವಾರದ ಸಭೆಯಲ್ಲಿ ನಕ್ಷೆ ಮಂಜೂರು, ಸಂಚಾಲಕರು ಗುತ್ತಿಗೆದಾರರಿಗೆ ಕೂಡಲೇ ತಲುಪಿಸತಕ್ಕದ್ದು ಎಂದು ಠರಾವು. ಸಂಚಾಲಕ ನಾನು. ರವಾನೆ ಪುಸ್ತಕದಲ್ಲಿ ಅವನ ಸಹಿ ಇತ್ತು. ತಾರೀಕು ಇರಲಿಲ್ಲ.

ನಡೆದದ್ದು ಇಷ್ಟು. ಆ ಶನಿವಾರ ರಾತ್ರಿ ಧಾರವಾಡದಿಂದ ಫೋನು: ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಚಪ್ಪೆಯ ಎಲುಬು ಮುರಿದಿದೆ. ಮರುದಿನ ಅನಂತ ಚತುರ್ದಶಿ. ಪುಣೆಯಲ್ಲಿ ಅವತ್ತು ಗಣಪತಿ ಕಳಿಸುವ ಮೆರವಣಿಗೆ. ಪೇಠೆಗಳ ಕಡೆ ಗಾಡಿ ಹಾಯುವ ಮಾತೇ ಇಲ್ಲ, ಅವನ ಆಫೀಸು ಅಲ್ಲೇ. ನಕ್ಷೆಯ ಸುರುಳಿಯನ್ನು ಚೀಲಕ್ಕೆ ಸೇರಿಸಿ, ನಾಲ್ಕು ದಿನದಲ್ಲಿ ಬಂದು ಕೊಟ್ಟರಾಯಿತು ಎಂದು ಬೈಪಾಸಿನಲ್ಲಿ ನಿಂತು ಬಸ್ಸು ಹತ್ತಿದೆ. ನಾಲ್ಕು ದಿನ ಇಪ್ಪತ್ತಾಯಿತು. ಆರ್ಕಿಟೆಕ್ಟರಿಗೆ ಒಂದು ಫೋನು ಮಾಡಿದ್ದರೆ ಇನ್ನೊಂದು ಪ್ರತಿ ತೆಗೆಸಿ, ಮೊಹರು ಹಾಕಿ ಕಳಿಸುತ್ತಿದ್ದರು. ಮಾಡಲಿಲ್ಲ. ಹೇಗೂ ಅವನ ಕೂಲಿಯವರೇ ಊರಿಗೆ ಹೋಗಿದ್ದಾರೆ, ನಕ್ಷೆ ಕೊಟ್ಟರೆ ಏನು ಉಪಯೋಗ ಎಂದುಕೊಂಡೆ. ಅಕ್ಟೋಬರ್ 12ರ ರಾತ್ರಿ ಪುಣೆಗೆ ಮರಳಿದ ಮೇಲೂ ಆರು ದಿನ ಅದು ಚೀಲದಲ್ಲೇ ಇತ್ತು. ಇಪ್ಪತ್ತು ದಿನಕ್ಕೆ ಅಕ್ಕನ ಕಾರಣ ಹೇಳಬಹುದು. ಈ ಆರಕ್ಕೆ ಯಾವ ಕಾರಣವೂ ಇಲ್ಲ. ಕೊನೆಗೆ 18ರಂದು, ಇಲ್ಲಿ ಅವತ್ತು ದಸರೆ, ಅವನೇ ಬನ್ನಿ ಕೊಡಲು ಮನೆಗೆ ಬಂದ. ಬನ್ನಿ ಕೊಟ್ಟು ಕಾಲಿಗೆ ಬಿದ್ದ. ನಾನು ನಕ್ಷೆ ಕೊಟ್ಟೆ. ರವಾನೆ ಪುಸ್ತಕಕ್ಕೆ ಸಹಿ ಮಾಡಿದ. ತಾರೀಕು ಹಾಕು ಎಂದು ಹೇಳಲು ನಾಲಿಗೆ ಏಳಲಿಲ್ಲ. ಹಾಕಿದ್ದರೆ ನನ್ನ ಇಪ್ಪತ್ತಾರು ದಿನ ಪುಸ್ತಕದಲ್ಲಿ ಕೂತುಬಿಡುತ್ತಿತ್ತು.

ಅವನು ನಕ್ಷೆ ಇಲ್ಲವೆಂದು ಜನರನ್ನು ಕರೆಸಲಿಲ್ಲ. ನಾನು ಜನರಿಲ್ಲವೆಂದು ನಕ್ಷೆ ಕೊಡಲಿಲ್ಲ. ಒಬ್ಬರ ನೆರಳಿನಲ್ಲಿ ಇನ್ನೊಬ್ಬರು ಹಾಯಾಗಿ ಕೂತಿದ್ದೆವು.

ಅಕ್ಕನ ಹಾಸಿಗೆಯ ಪಕ್ಕ ಕೂತಿದ್ದಾಗಿನ ಒಂದು ಮಾತು ಇಲ್ಲೇ ಹೇಳಬೇಕು. ಅದಕ್ಕೂ ಮೊದಲು ನಾನು ಊರಿಗೆ ಹೋಗಿ ಎರಡು ವರ್ಷದ ಮೇಲಾಗಿತ್ತು. ಮನೆಯ ಮೇಲಿನ ಕೋಣೆ ಸೋರುತ್ತದೆ, ಹೋದರೆ ಇಳಿಯುವುದೆಲ್ಲಿ ಎಂದು ನಾನು ಹೆಂಡತಿಗೆ ಹೇಳುತ್ತಿದ್ದೆ. ಆಸ್ಪತ್ರೆಯಲ್ಲಿ ಅದನ್ನೇ ಅಕ್ಕನಿಗೂ ಅಂದೆ. ಅವಳು ಗೋಡೆಯ ಕಡೆ ಮುಖ ಮಾಡಿ, "ನೀ ಬರವಲ್ಲಿ. ಯಾರಿಗಂತ ರಿಪೇರಿ ಮಾಡಸ್ಲೋ?" ಎಂದಳು. ಆಗ ನನಗೆ ಅದು ಮುನಿಸಿನ ಮಾತು ಅನ್ನಿಸಿತು, ಅಷ್ಟೆ.

ಲೆಕ್ಕ ತೆಗೆಯುವ ರಾತ್ರಿ ಎರಡು ಹಾಳೆ ಬರೆದೆ. ಒಂದು, ನಡವಳಿ ಪುಸ್ತಕದ ಪ್ರಕಾರ. ನಮ್ಮ ತಡ ಸೆಪ್ಟೆಂಬರ್ 22ಕ್ಕೆ ಮುಗಿಯಿತು. ಆಗಸ್ಟ್ 20ರಿಂದ ಸೆಪ್ಟೆಂಬರ್ 7ರವರೆಗೆ 19 ದಿನ ನಮ್ಮದು ಮಾತ್ರ, ಮುಂದಿನ 15 ದಿನ ಇಬ್ಬರದು, ಆಮೇಲಿನ 51 ದಿನ ಅವನದು ಮಾತ್ರ. ಕೊನೆಯ 11 ಸೇರಿಸಿದರೆ 62. ಎಂಟು ಪೂರ್ಣ ವಾರ, 6 ಲಕ್ಷ 40 ಸಾವಿರ ದಂಡ. ಇನ್ನೊಂದು ಹಾಳೆ, ನಡೆದದ್ದರ ಪ್ರಕಾರ. ನಮ್ಮದು ಮಾತ್ರ ಅದೇ 19, ಇಬ್ಬರದೂ ಕೂಡಿದ್ದು 41, ಅವನದು ಮಾತ್ರ 25. ಕೊನೆಯ 11 ಸೇರಿಸಿ 36. ಐದು ವಾರ, 4 ಲಕ್ಷ.

ನಡುವಿನ ವ್ಯತ್ಯಾಸ 2 ಲಕ್ಷ 40 ಸಾವಿರ. ಸಂಘದ ದುಡ್ಡು, ಒಬ್ಬ ನಿವೃತ್ತ ಶಿಕ್ಷಕಿ ತಮ್ಮ ಪಾಟಲಿ ಮಾರಿ ಕೊಟ್ಟದ್ದೂ ಅದರಲ್ಲಿತ್ತು. ಅವನ ಬಳಿ ಒಂದು ಚೀಟಿಯ ಸಾಕ್ಷಿಯೂ ಇರಲಿಲ್ಲ. ವಕೀಲರ ಕಾಗದದಲ್ಲಿ ನಕ್ಷೆ "ಬಹಳ ತಡವಾಗಿ" ಬಂತು ಎಂದಿತ್ತೇ ಹೊರತು ತಾರೀಕಿರಲಿಲ್ಲ. ಮೊದಲನೆಯ ಹಾಳೆ ಸಂಘಕ್ಕೂ ಒಳ್ಳೆಯದು, ನನ್ನ ಮರ್ಯಾದೆಗೂ ಒಳ್ಳೆಯದು. ನನ್ನ ಹಿತವೂ ಸಂಸ್ಥೆಯ ಹಿತವೂ ಇಷ್ಟು ಸರಿಯಾಗಿ ಕೂಡಿಬಂದರೆ ಆ ಫೈಲನ್ನು ಮತ್ತೊಮ್ಮೆ ತೆರೆದು ನೋಡಬೇಕು ಎಂಬುದು ಬ್ಯಾಂಕಿನಲ್ಲಿ ಕಲಿತದ್ದು. ಆದರೂ ಮೂರು ದಿನ ಮೊದಲನೆಯದನ್ನೇ ಮೇಲಿಟ್ಟುಕೊಂಡು ಓಡಾಡಿದೆ. ಸುಳ್ಳು ಯಾಕೆ ಹೇಳಲಿ.

ಸಭೆಯಲ್ಲಿ ಎರಡನ್ನೂ ಮೇಜಿನ ಮೇಲಿಟ್ಟೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಅಧ್ಯಕ್ಷರು ಮೆಲ್ಲಗೆ, "ಇದನ್ನ ಹೇಳಲೇಬೇಕಿತ್ತೇನ್ರೀ?" ಎಂದರು. ಇನ್ನೊಬ್ಬರು ವಾದ ಹೂಡಿದರು: "ನೀವು 22ಕ್ಕೇ ಕೊಟ್ಟಿದ್ದರೂ ಅವನ ಮಂದಿ ಬರ್ತಿರಲಿಲ್ಲ. ಹಾಗಾದರೆ ನಿಮ್ಮ ತಡದಿಂದ ಆದದ್ದೇನು?" ಒಳ್ಳೆಯ ಪ್ರಶ್ನೆ. ಆದರೆ ಅದನ್ನೇ ಅವನೂ ತಿರುಗಿಸಿ ಕೇಳಬಹುದು: ಮಂದಿ ಇದ್ದಿದ್ದರೂ ನಕ್ಷೆ ಇರಲಿಲ್ಲ, ನನ್ನ ತಡದಿಂದ ಆದದ್ದೇನು? ಮೇಲಾಗಿ ನಮ್ಮ ತಡವೇ ಮೊದಲು ಶುರುವಾದದ್ದು. ಯಾವುದು ಮೊದಲು ಶುರುವಾಯಿತು, ಕೊನೆಯ ದಿನವನ್ನು ನಿಜವಾಗಿ ತಳ್ಳಿದ್ದು ಯಾವುದು ಎಂದು ಪಂಚರು ಕೆದಕಿದರೆ ಆ 41 ದಿನವೂ ನಮ್ಮ ಕೊರಳಿಗೇ ಬೀಳುವ ಸಂಭವವಿತ್ತು. ಅದನ್ನೂ ಹೇಳಿದೆ. "ಹಾಗಾದರೆ ಎರಡು ಲಕ್ಷ ನಲವತ್ತು ಸಾವಿರ ಖಜಾಂಚಿಗಳೇ ಕಟ್ಟಲಿ" ಎಂದು ಹಿಂದಿನ ಸಾಲಿನಿಂದ ಒಂದು ದನಿ ಬಂತು. ನಾನು ಆ ದನಿಯ ಕಡೆ ನೋಡಲಿಲ್ಲ. ಅದು ತಪ್ಪು ಮಾತೂ ಆಗಿರಲಿಲ್ಲ. ಆ ಶಿಕ್ಷಕಿಯೇ ಎದ್ದು, "ಅವನ ದುಡ್ಡು ಇಟ್ಕೊಂಡು ಕಟ್ಟಿದ ಮನೆಯೊಳಗ ನಾ ಹಾಡಾಂಗಿಲ್ಲ ನೋಡ್ರಿ" ಎಂದರು. ಭಜನಾ ಮಂಡಳಿ ಅವರದು. ಚರ್ಚೆ ಅಲ್ಲಿಗೆ ನಿಂತಿತು.

ಆರ್ಕಿಟೆಕ್ಟರ ಎದುರಿಗೆ ತಮ್ಮನನ್ನು ಕೂಡಿಸಿಕೊಂಡೆವು. 120 ದಿನಕ್ಕೂ ಬಾಡಿಗೆ ಕೇಳಿದ್ದನಲ್ಲ, ಅದನ್ನು ಬಿಡಿಸಿದೆವು. ಕೂಡಿಬಂದ 41 ದಿನಕ್ಕೆ ದುಡ್ಡಿಲ್ಲ. ನಕ್ಷೆ ಇದ್ದಿದ್ದರೂ ಅವನ ಪ್ಲೇಟುಗಳು ಮಂದಿ ಇಲ್ಲದೆ ಸುಮ್ಮನೇ ಕೂತಿರುತ್ತಿದ್ದವು. ಮರದ 24 ದಿನ ಅವನ ಕಡೆಯಿಂದ ಇದ್ದದ್ದು ಒಂದು ತಗಡಿನ ಶೆಡ್ಡು, ಒಬ್ಬ ವಾಚಮನ್ನು. ದಿನಕ್ಕೆ 2,500ದಂತೆ 60,000. ನಕ್ಷೆಯ ಮೊದಲ 19 ದಿನ ಪೂರ್ತಿ ದರ, 1 ಲಕ್ಷ 52 ಸಾವಿರ. ಒಟ್ಟು 2 ಲಕ್ಷ 12 ಸಾವಿರ ನಾವು ಅವನಿಗೆ ಕೊಡತಕ್ಕದ್ದು, 4 ಲಕ್ಷ ಅವನು ನಮಗೆ. ವಜಾ ಮಾಡಿದರೆ ಅವನ ಠೇವಣಿಯಿಂದ ನಾವು ಹಿಡಿಯುವುದು 1 ಲಕ್ಷ 88 ಸಾವಿರ. ಎಂಟು ಲಕ್ಷ ಒಂದು ಕಡೆ, ಒಂಬತ್ತೂವರೆ ಲಕ್ಷ ಇನ್ನೊಂದು ಕಡೆ ಎಂದು ಶುರುವಾದ ಜಗಳ ಇಲ್ಲಿಗೆ ಬಂದು ನಿಂತಿತು.

ತಮ್ಮ ಹಾಳೆಯನ್ನು ಬಹಳ ಹೊತ್ತು ನೋಡಿದ. ಅಂಕಿಗಳನ್ನಲ್ಲ, ಅಕ್ಟೋಬರ್ 18 ಎಂದು ನಾನು ಬರೆದಿದ್ದ ಕಡೆ. "ನೀವ ಬರದ್ರೇನ್ರಿ ಇದನ್ನ?" ಎಂದ. ಹೌದು ಎಂದೆ. "ನನಗ ದಸರಿ ಅಂತ ನೆನಪಿತ್ರಿ. ತಾರೀಖ ಗೊತ್ತಿರ್ಲಿಲ್ಲ" ಎಂದು ಸಹಿ ಮಾಡಿದ. ಈ ಸಲ ಕೆಳಗೆ ತಾರೀಕನ್ನೂ ಹಾಕಿದ. ಕೂಡಲೇ ಸಲ್ಲಬೇಕಾದ 2 ಲಕ್ಷ 12 ಸಾವಿರವನ್ನು 2019ರ ಆಗಸ್ಟಿನಲ್ಲಿ ಕೊಟ್ಟೆವು. ಉಳಿದ 4 ಲಕ್ಷದ ಚೆಕ್ಕು ಹೋದದ್ದು 2020ರ ಜೂನಿನಲ್ಲಿ. ಲಾಕ್‌ಡೌನಿನಲ್ಲಿ ಅವನ ಮಂದಿಯೆಲ್ಲ ಊರಿಗೆ ಹೋಗಿ, ಅವನಿಗೆ ಮೂರು ತಿಂಗಳಿಂದ ಕೆಲಸವಿಲ್ಲದ ಹೊತ್ತು ಅದು.

ಮುಂದಿನ ವಾರ್ಷಿಕ ಸಭೆಯಲ್ಲಿ ಖಜಾಂಚಿಯ ಸ್ಥಾನಕ್ಕೆ ನನ್ನ ಹೆಸರನ್ನು ಯಾರೂ ಸೂಚಿಸಲಿಲ್ಲ. ನಾನೂ ಎದ್ದು ನಿಲ್ಲಲಿಲ್ಲ. ಹೊಸ ಖಜಾಂಚಿಗೆ ಪುಸ್ತಕಗಳ ಜೊತೆ ಒಂದು ಖಾಲಿ ರಿಜಿಸ್ಟರನ್ನೂ ಕೊಟ್ಟೆ. ಕಾಲಮ್ಮು ಗೀಟು ಹಾಕಿದ್ದೆ. ಅದನ್ನು ಅವರು ಚಹದ ಲೆಕ್ಕಕ್ಕೆ ಬಳಸುತ್ತಿದ್ದಾರೆ ಎಂದು ಕೇಳಿದೆ.

2019ರ ದೀಪಾವಳಿ ಕಳೆದ ಮೇಲೆ ಧಾರವಾಡದ ಮೇಲಿನ ಕೋಣೆಯ ರಿಪೇರಿ ಹಿಡಿಸಿದೆ. ದುಡ್ಡು ನನ್ನದು, ಉಸ್ತುವಾರಿ ಅಕ್ಕನದು, ಕೋಲು ಊರಿಕೊಂಡು. ಒಂದು ತಿಂಗಳ ಕೆಲಸ ಎರಡೂವರೆ ತಿಂಗಳಾಯಿತು. ಹಂಚು ಯಾವುದು ಎಂದು ನಾನು ಇಲ್ಲಿಂದ ಹೇಳುವುದಕ್ಕೆ ಹದಿನೈದು ದಿನ ತೆಗೆದುಕೊಂಡೆ. ಮೇಸ್ತ್ರಿ ಅದೇ ಹೊತ್ತಿಗೆ ಹೊಲಕ್ಕೆಂದು ಹೋದವನು ಇಪ್ಪತ್ತು ದಿನ ಬರಲಿಲ್ಲ. ಜನವರಿಯಲ್ಲಿ ನಾವಿಬ್ಬರೂ ಹೋಗಿ ಆ ಕೋಣೆಯಲ್ಲೇ ಇಳಿದೆವು. ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ನಾನು ಬಾಯಿ ತೆಗೆಯುವಷ್ಟರಲ್ಲಿ ಅಕ್ಕ ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಮೇಸ್ತ್ರಿ ಬರದ ದಿನಕ್ಕೆ ಒಂದು ಚುಕ್ಕೆ, ನಾನು ಫೋನು ಎತ್ತದ ದಿನಕ್ಕೆ ಒಂದು ಚುಕ್ಕೆ. ಹನ್ನೆರಡು ಮನೆಗಳಲ್ಲಿ ಎರಡೆರಡು ಚುಕ್ಕೆ ಇದ್ದವು.